ಹೋಸ್ಟ್ ಮನೆಯವರ ಜೊತೆ ನಾರ್ವೆಯ ಬೆಟ್ಟಕ್ಕೆ: ನನ್ನ ಅನುಭವ

ಮೊದಲು ಬಟ್ಟೆ ವಿಷಯ. ನಾರ್ವೆಯಲ್ಲಿ ನನ್ನನ್ನು ಇರಿಸಿಕೊಂಡಿದ್ದ ಹೋಸ್ಟ್ ಮನೆಯವರು ಸೆಪ್ಟೆಂಬರ್ ಶುರುವಿನಲ್ಲಿ ಶನಿವಾರ-ಭಾನುವಾರ ಬೆಟ್ಟಕ್ಕೆ ಹೋಗೋಣ ಅಂದಾಗ ನಾನು ಅಂಗಡಿಗೆ ಓಡಲಿಲ್ಲ. ಇದ್ದ ಬಟ್ಟೆಯೆಲ್ಲಾ ಮಂಚದ ಮೇಲೆ ಹರಡಿ, ಒಂದ್ಸಲ ಬಂದು ನೋಡ್ತೀರಾ ಅಂತ ಹೋಸ್ಟ್ ಅಮ್ಮನನ್ನು ಕರೆದೆ. ಅವರು ಜೀನ್ಸ್, ಕಾಟನ್ ಟೀ ಶರ್ಟ್ ಎಲ್ಲಾ ಎತ್ತಿ ಪಕ್ಕಕ್ಕಿಟ್ಟರು. ಕಾಟನ್ ಬೆವರು ಹೀರಿಕೊಂಡು ಒದ್ದೆಯಾಗೇ ಇರುತ್ತದೆ, ನಡಿಗೆ ನಿಲ್ಲಿಸಿದ ಕೂಡಲೇ ಮೈಯೆಲ್ಲಾ ಕೊರೆಯೋಕೆ ಶುರು. ಉಣ್ಣೆ ಒದ್ದೆಯಾದರೂ ಸ್ವಲ್ಪ ಬೆಚ್ಚಗಿಡುತ್ತದೆ. ಹಾಗಾಗಿ ಮೈಗೆ ತೆಳು ಉಣ್ಣೆ ಬನಿಯನ್, ಮೇಲೆ ಸ್ವೆಟರ್, ಅದರ ಮೇಲೆ ಗಾಳಿ-ಮಳೆ ತಡೆಯೋ ಜಾಕೆಟ್. ಇದೆಲ್ಲಾ ಆ ಮನೆಯ ಅಟ್ಟದಲ್ಲೇ ಇತ್ತು, ನನಗೆ ಒಂದು ಪೈಸೆ ಖರ್ಚಾಗಲಿಲ್ಲ. ದೊಡ್ಡ ಮಗಳ ಹಳೇ ಬೂಟು ಸರಿಹೋಯಿತು. ಅದನ್ನು ಹೊರಡುವ ಮುಂಚೆ ಸ್ಕೂಲಿಗೇ ಹಾಕಿಕೊಂಡು ಓಡಾಡಿದೆ, ಯಾಕೆಂದರೆ ಕಾಲಿಗೆ ಒಗ್ಗದ ಬೂಟಿನಲ್ಲಿ ಬೆಟ್ಟ ಹತ್ತಿದರೆ ಹಿಮ್ಮಡಿಯಲ್ಲಿ ಬೊಬ್ಬೆ ಗ್ಯಾರಂಟಿ.

ಊಟದ ಮಾತೂ ಮೊದಲೇ ಆಡಿಬಿಡಿ. ನಾನು ಮಾಂಸ ತಿನ್ನಲ್ಲ ಅಂತ ಅವರಿಗೆ ಗೊತ್ತಿತ್ತು, ಆದರೆ ಬೆಟ್ಟದ ಬುತ್ತಿ ಬೇರೆ. ಅಲ್ಲಿ ನಡುವೆ ಎಲ್ಲೂ ಬಿಸಿ ಊಟ ಇಲ್ಲ. ಬ್ರೆಡ್ ಸ್ಲೈಸ್‌ಗಳ ನಡುವೆ ಒಂದೊಂದು ಕಾಗದ ಇಟ್ಟು ಡಬ್ಬಿಗೆ ತುಂಬಿಕೊಂಡು ಹೋಗುತ್ತಾರೆ. ನನ್ನ ಬ್ರೆಡ್ ಮೇಲೆ ಬ್ರೂನುಸ್ಟ್. ಹಾಲು ಒಡೆದ ನೀರನ್ನು ಕಂದು ಬಣ್ಣ ಬರೋವರೆಗೂ ಕುದಿಸಿ ಕುದಿಸಿ ಮಾಡೋ ಸಿಹಿ ಚೀಸ್ ಅದು. ಥೇಟ್ ನಮ್ಮ ಪಾಲ್ಕೋವಾಕ್ಕೆ ಯಾರೋ ಉಪ್ಪು ಹಾಕಿದ ಹಾಗೆ. ನನಗಂತೂ ಇಷ್ಟವಾಯಿತು.

ಅವರ ಕ್ಯಾಬಿನ್, ಅಂದರೆ ಬೆಟ್ಟದ ಪುಟ್ಟ ಮನೆ, ಇದ್ದದ್ದು ಬೈಟೊಸ್ಟೋಲೆನ್ ಅನ್ನೋ ಬೆಟ್ಟದ ಊರಿನ ಹತ್ತಿರ. ಕರೆಂಟಿಲ್ಲ, ನಲ್ಲಿ ಇಲ್ಲ, ಕಕ್ಕಸು ಹೊರಗಡೆ. ಕಾರಿನಿಂದ ಇಳಿದ ಕೂಡಲೇ ಒಬ್ಬರು ಸೌದೆ ತರೋಕೆ, ಒಬ್ಬರು ಹಾಸಿಗೆ ಒದರೋಕೆ ಹೋದರು. ನೀನು ಇದು ಮಾಡು ಅಂತ ನನಗೆ ಯಾರೂ ಹೇಳಲಿಲ್ಲ. ಅವರು ಹೇಳೋದೂ ಇಲ್ಲ, ನಾವೇ ಕೈ ಹಾಕಬೇಕು. ಸುಮ್ನೆ ನೆಂಟರ ಹಾಗೆ ಕೂತರೆ ಯಾರೂ ಬೈಯಲ್ಲ, ಆದರೆ ಕೊನೆವರೆಗೂ ನೆಂಟರಾಗೇ ಉಳಿದುಬಿಡುತ್ತೀರಿ. ನಾನು ಬಕೆಟ್ ಹಿಡಿದು ಹೊಳೆಗೆ ಹೋದೆ, ಎರಡೂ ದಿನ ನೀರು ನನ್ನ ಪಾಲಿನ ಕೆಲಸ.

ಒಲೆ ಹಚ್ಚೋದನ್ನು ಹೋಸ್ಟ್ ಅಪ್ಪ ತೋರಿಸಿಕೊಟ್ಟರು. ನಮ್ಮಜ್ಜಿ ಒಲೆಗೆ ಪೂರಾ ಉಲ್ಟಾ. ದಪ್ಪ ಸೌದೆ ಕೆಳಗೆ, ಅದರ ಮೇಲೆ ಸಣ್ಣದು, ಎಲ್ಲಕ್ಕಿಂತ ಮೇಲೆ ಪುಳ್ಳೆ ಮತ್ತು ಬರ್ಚ್ ಮರದ ತೊಗಟೆ. ಬೆಂಕಿ ಹಚ್ಚೋದು ಮೇಲಿಂದ. ತೊಗಟೆಯಲ್ಲಿ ಎಣ್ಣೆ ಅಂಶ ಇರೋದರಿಂದ ಚಟಚಟ ಅಂತ ಹತ್ತಿಕೊಳ್ಳುತ್ತದೆ. ಕೆಳಗಿನ ಸೌದೆ ಬಿಸಿಯಾಗಿ ಬಿಡೋ ಹೊಗೆ ಆ ಉರಿಯನ್ನು ದಾಟಿಯೇ ಮೇಲೆ ಹೋಗಬೇಕಲ್ವಾ, ಅಲ್ಲೇ ಸುಟ್ಟುಹೋಗುತ್ತದೆ. ಒಳಗೆ ಕಣ್ಣುರಿ ಇಲ್ಲವೇ ಇಲ್ಲ. ಎರಡನೇ ದಿನ ಬೆಳಿಗ್ಗೆ ಒಲೆ ನಾನೇ ಹಚ್ಚಿದೆ.

ಶನಿವಾರ ಬೆಸ್ಸೆಗ್ಗೆನ್ ಹತ್ತೋದು ಅಂತ ಇತ್ತು. ಯೋಟುನ್‌ಹೈಮೆನ್ ಅನ್ನೋ ಬೆಟ್ಟಸಾಲಿನಲ್ಲಿರೋ ಕಡಿದಾದ ಕಲ್ಲಿನ ಏಣು ಅದು. ಒಂದು ಕಡೆ 984 ಮೀಟರ್ ಎತ್ತರದಲ್ಲಿ ಯೆಂಡೆ ಸರೋವರ, ಇನ್ನೊಂದು ಕಡೆ 1,373 ಮೀಟರ್‌ನಲ್ಲಿ ಬೆಸ್‌ವಾಟ್ನೆಟ್ ಸರೋವರ, ನಡುವೆ ಕೈ ಊರಿಕೊಂಡು ಹತ್ತಬೇಕಾದ ಜಾಗ. ಬೆಳಿಗ್ಗೆ ಬೆಟ್ಟದ ಮೇಲಿನ ವಾಲ್ಡ್ರೆಸ್‌ಫ್ಲಿಯ ರಸ್ತೆ ದಾಟಿ, ಯೆಂಡೆ ದಂಡೆಯಲ್ಲಿರೋ ಯೆಂಡೆಸ್‌ಹೈಮ್ ವಸತಿಗೃಹ ತಲುಪಿದೆವು. ಕಾರಿನ ಬಾಗಿಲು ತೆಗೆಯೋಕೇ ಕಷ್ಟ, ಅಷ್ಟು ಗಾಳಿ. ಹೋಸ್ಟ್ ಅಮ್ಮ ಫೋನಿನಲ್ಲಿ Yr ಅನ್ನೋ ಹವಾಮಾನದ ಆ್ಯಪ್ ನೋಡಿದರು, ಮೇಲೆ ಇನ್ನೂ ಜಾಸ್ತಿ ಅಂತ ತೋರಿಸಿತು. ಬೇಡ ಅಂದರು, ಅಷ್ಟೇ. ಚರ್ಚೆಯೂ ಇಲ್ಲ, ಮುಖ ಸಪ್ಪಗೂ ಆಗಲಿಲ್ಲ. ಅಲ್ಲಿ ಬೆಟ್ಟಕ್ಕೆ ಹೋಗುವವರಿಗೆ ಒಂಬತ್ತು ನಿಯಮಗಳಿವೆ, 1950ರ ದಶಕದಲ್ಲಿ ಶುರುವಾಗಿ 2016ರಲ್ಲಿ ತಿದ್ದಿದವು. ಹೊತ್ತಿಗೆ ಸರಿಯಾಗಿ ವಾಪಸ್ ತಿರುಗಿ, ಅದರಲ್ಲಿ ನಾಚಿಕೆ ಏನಿಲ್ಲ ಅನ್ನೋದು ಎಂಟನೆಯದು. ನನ್ನ ಕೈಯಲ್ಲಿದ್ದ ಕ್ವಿಕ್ ಲುನ್ಶ್ ಚಾಕೊಲೇಟ್ ಸುತ್ತಿದ ಕಾಗದದ ಒಳಗಡೆಯೂ ಅದು ಅಚ್ಚಾಗಿತ್ತು!

ದೋಣಿಯಲ್ಲಿ ಅದೇ ಸರೋವರದ ದಂಡೆಯ ಮೆಮುರುಬು ಅನ್ನೋ ಜಾಗದ ತನಕ ಹೋಗಿ, ಏಣು ಬಿಟ್ಟು, ಸರೋವರದ ದಂಡೆಯ ಕಾಲುದಾರಿಯಲ್ಲಿ ನಡೆದು ವಾಪಸ್ ಬಂದೆವು. ನೀರು ಹಾಲು ಬೆರೆಸಿದಂಥ ಹಸಿರು, ಹಿಮನದಿ ಬಂಡೆಯನ್ನು ಅರೆದು ತಂದ ಸಣ್ಣ ಪುಡಿಯಿಂದ ಆ ಬಣ್ಣ. ದಾರಿಯುದ್ದಕ್ಕೂ ಕಲ್ಲುಗಳ ಮೇಲೆ ಕೆಂಪು ಟಿ ಅಕ್ಷರ ಬಳಿದಿರುತ್ತಾರೆ, ಒಂದು ಟಿ ಹತ್ತಿರ ನಿಂತು ಮುಂದಿನದು ಕಾಣುತ್ತಾ ಅಂತ ನೋಡಿಕೊಂಡು ಹೋಗೋದು. ಮನೆಯ ಚಿಕ್ಕ ಹುಡುಗ ತನ್ನ ಬ್ಯಾಗ್ ತಾನೇ ಹೊತ್ತು ನನ್ನ ಮುಂದೆ ಕುಣಿದುಕೊಂಡು ಹೋಗುತ್ತಿದ್ದ. ನಾನು ಮಾನ ಉಳಿಸಿಕೊಳ್ಳೋ ಗೋಜಿಗೆ ಹೋಗಲಿಲ್ಲ. ಸುಸ್ತಾದಾಗ ಸುಸ್ತು ಅಂದೆ, ಬೆರಳು ಮರಗಟ್ಟಿದಾಗ ಅದನ್ನೂ ಹೇಳಿದೆ, ತಕ್ಷಣ ಇನ್ನೊಂದು ಜೊತೆ ಕೈಗವಸು ಸಿಕ್ಕಿತು. ಬೆಟ್ಟದಲ್ಲಿ ಸಂಕೋಚ ಪಟ್ಟುಕೊಂಡು ಸುಮ್ಮನಿದ್ದರೆ ಅವರಿಗೇ ತೊಂದರೆ ಜಾಸ್ತಿ.

ಭಾನುವಾರ ಹೊರಡೋದಕ್ಕೇ ಅರ್ಧ ದಿನ ಬೇಕಾಯಿತು. ಒಲೆಯ ಬೂದಿ ತೆಗೆದು ತಗಡಿನ ಡಬ್ಬಿಗೆ ಹಾಕಿ, ನೆಲ ಒರೆಸಿ, ಕಸವನ್ನೆಲ್ಲಾ ಕಾರಿಗೆ ತುಂಬಿ, ಮುಂದಿನ ಸಲ ಬರೋವಾಗ ಕತ್ತಲಲ್ಲೂ ಕೈಗೆ ಸಿಗೋ ಹಾಗೆ ಒಲೆ ಪಕ್ಕ ಸೌದೆ, ಪುಳ್ಳೆ, ತೊಗಟೆ ಜೋಡಿಸಿಟ್ಟೆವು. ಬೆಸ್ಸೆಗ್ಗೆನ್ ಮುಂದಿನ ಬೇಸಿಗೆಗೆ ಅಂತ ಮಾತಾಗಿದೆ, ಅಷ್ಟರೊಳಗೆ ನನ್ನ ವೀಸಾ ಮುಗಿಯದಿದ್ದರೆ ಸಾಕು.