ಅಜ್ಜಿಗೆ ಕೈಯಲ್ಲೋ, ಕುತ್ತಿಗೆಯಲ್ಲೋ?

ಕಾರವಾರದಲ್ಲಿ ಡಯಾಲಿಸಿಸ್ ರೋಗಿಗಳನ್ನು ನೋಡಲು ಶುರು ಮಾಡಿದಾಗ ನನ್ನ ತಲೆಯಲ್ಲಿ ಒಂದೇ ಪಾಠ ಇತ್ತು: ಯಾರೇ ಬರಲಿ, ಮೊದಲು ಫಿಸ್ಟುಲಾ. ಯಂತ್ರಕ್ಕೆ ರಕ್ತ ಹೋಗಿ ಬರುವ ದಾರಿಗಾಗಿ ಕೈಯ ಅಪಧಮನಿಗೆ ಪಕ್ಕದ ನರವನ್ನು (ಸಿರೆಯನ್ನು) ಜೋಡಿಸುವ ಸಣ್ಣ ಆಪರೇಷನ್. ಸೋಂಕು ಕಡಿಮೆ, ವರ್ಷಗಟ್ಟಲೆ ಬಾಳಿಕೆ. ಪಾಠ ಸರಿಯೇ ಇತ್ತು. ಅದನ್ನು ಕಣ್ಣು ಮುಚ್ಚಿ ಎಲ್ಲರಿಗೂ ಹೇಳಿದ್ದು ನನ್ನ ತಪ್ಪು.

ಅಂಕೋಲಾ ಕಡೆಯ ಅಜ್ಜಿ, 82 ವರ್ಷ. ಹಳೇ ಸಕ್ಕರೆ ಕಾಯಿಲೆ, ಹೃದಯವೂ ಸೋತಿತ್ತು. ಮಣಿಕಟ್ಟಿನಲ್ಲಿ ಫಿಸ್ಟುಲಾ ಮಾಡಿಸಲು ಹುಬ್ಬಳ್ಳಿಗೆ ಕಳಿಸಿದೆ. ಸೂಜಿ ಚುಚ್ಚುವಷ್ಟು ನರ ಬಲಿಯಲು ಕನಿಷ್ಠ ಆರು ವಾರ ಬೇಕು. ಆರು ವಾರವಾದ ಮೇಲೆ ಬೆರಳಿಟ್ಟು ನೋಡಿದರೆ, ರಕ್ತದ ರಭಸಕ್ಕೆ ಜುಂ ಅನ್ನಬೇಕಾದ ಕೈ ಸುಮ್ಮನಿತ್ತು. ಮತ್ತೆ ಅರಬೈಲ್ ಘಾಟಿ, ಸುರಿಯುವ ಮಳೆ, ಈ ಸಲ ಮೊಣಕೈ ಹತ್ತಿರ ಆಪರೇಷನ್. ಅದು ಬಲಿಯುವ ಮೊದಲೇ ಅಜ್ಜಿ ಹೋಗಿಬಿಟ್ಟರು. 'ಕಡೇ ಮಳೆಗಾಲ ಪೂರಾ ಕಾರಲ್ಲೇ ಕಳೀತು ಡಾಕ್ಟ್ರೇ' ಅಂದ ಮಗ. ಬೈದು ಹೇಳಿದ್ದಲ್ಲ, ಸುಮ್ನೆ ಹೇಳಿದ್ದು.

ಈಗ ಕೈ ನೋಡುವ ಮೊದಲು ಬೇರೆ ಪ್ರಶ್ನೆ ಕೇಳುತ್ತೇನೆ. ಇವತ್ತು ಹೇಗೆ ಬಂದಿರಿ? ಬಚ್ಚಲಿಗೆ ಒಬ್ಬರೇ ಹೋಗ್ತೀರಾ? ಮನೆಯಲ್ಲಿ ಜೊತೆಗೆ ಯಾರಿದ್ದಾರೆ? ಆಮೇಲೆ ತೋಳಿಗೆ ಪಟ್ಟಿ ಬಿಗಿದು ನರ ಮುಟ್ಟಿ ನೋಡುವುದು, ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್), ಎಕೋ (ಹೃದಯದ ಸ್ಕ್ಯಾನ್). ಮಣಿಕಟ್ಟಿನ ನರ 2 ಮಿಲಿಮೀಟರಿಗಿಂತ ಸಣ್ಣದಿದ್ದರೆ ಅಲ್ಲಿ ಕೈ ಹಾಕಿಸುವುದಿಲ್ಲ. ಅಮೆರಿಕದ ನ್ಯಾಷನಲ್ ಕಿಡ್ನಿ ಫೌಂಡೇಶನ್‌ನ 2019ರ ಮಾರ್ಗಸೂಚಿಯೂ ಎಲ್ಲರಿಗೂ ಫಿಸ್ಟುಲಾ ಅನ್ನುವ ಹಟ ಬಿಟ್ಟು, ರೋಗಿಯ ಬದುಕು ನೋಡಿ ತೀರ್ಮಾನಿಸಿ ಅನ್ನುತ್ತದೆ.

ತೀರಾ ನಿಶ್ಶಕ್ತರಾದವರಿಗೆ ಪರ್ಮ್‌ಕ್ಯಾಥ್ ಹಾಕಿಸುತ್ತೇನೆ. ಕುತ್ತಿಗೆಯ ದೊಡ್ಡ ನರಕ್ಕೆ ಹೋಗುವ ಪೈಪು, ಚರ್ಮದಡಿ ಸಾಗಿ ಎದೆ ಮೇಲೆ ಹೊರಬರುತ್ತದೆ. ಅದೇ ದಿನ ಡಯಾಲಿಸಿಸ್ ಮಾಡಬಹುದು, ಸೂಜಿ ಚುಚ್ಚುವ ಕಾಟವಿಲ್ಲ. ಆದರೆ ಸೋಂಕಿನ ಭಯ ಜಾಸ್ತಿ. ನಮ್ಮ ಕರಾವಳಿ ಸೆಕೆಗೆ ಪ್ಲಾಸ್ಟರ್ ಬೆವರಲ್ಲಿ ನೆನೆದು ಅಂಚು ಬಿಟ್ಟುಕೊಳ್ಳುತ್ತದೆ. ನೀರು ತಾಗಿಸಬಾರದು ಅಂದಾಗ ಶಿರಸಿ ಕಡೆಯ ಒಬ್ಬರು ಆಯಿ, 'ಮೀಯದೆ ಹ್ಯಾಂಗೆ ಇರೂದು ತಮಾ?' ಅಂದರು. ನಾನು ಹೇಳಿದ ಎಲ್ಲ ಅಪಾಯಗಳಿಗಿಂತ ಅವರಿಗೆ ಅದೇ ದೊಡ್ಡದು. ಸೊಂಟದ ಕೆಳಗೆ ನೀರು, ಮೇಲೆ ಒದ್ದೆ ಬಟ್ಟೆ ಅಂತ ಸೊಸೆಗೆ ತೋರಿಸಿಕೊಟ್ಟೆ. ಚಳಿ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ ಅಂತಲೂ ಹೇಳಿದೆ.

ಹಾಗಂತ ವಯಸ್ಸೊಂದನ್ನೇ ನೋಡಿ ಪೈಪ್ ಹಾಕುವುದೂ ತಪ್ಪೇ. ಕುಮಟಾದ ಒಬ್ಬರಿಗೆ 78. ದಿನಾ ತೋಟಕ್ಕೆ ಹೋಗುತ್ತಾರೆ, ಕೂತು ಅಡಿಕೆ ಸುಲಿಯುತ್ತಾರೆ. ಮೊಣಕೈ ಹತ್ತಿರ ಮಾಡಿಸಿದ ಫಿಸ್ಟುಲಾ ನಾಲ್ಕು ವರ್ಷದಿಂದ ಜುಂ ಅನ್ನುತ್ತಿದೆ. ಇಂಥವರಿಗೆ ನರ ಉಳಿದಿರಬೇಕು ಅಲ್ವಾ? ಅದಕ್ಕೇ ಈಗ ಕ್ರಿಯಾಟಿನಿನ್ ಏರುತ್ತಿರುವ, ಅಂದರೆ ಕಿಡ್ನಿ ಸೋಲುತ್ತಿರುವವರ ಚೀಟಿ ಮೇಲೆ ಕೆಂಪು ಪೆನ್ನಲ್ಲಿ ಬರೆಯುತ್ತೇನೆ: ಎಡಗೈಗೆ ಸೂಜಿ, ಡ್ರಿಪ್ ಬೇಡ.