‘ನೆನಪ ಉಳಿವಲ್ದು’ ಅಂತ ಡಾಕ್ಟರ ಹತ್ತಿರ ಹೋಗುವ ಮುನ್ನ

ಕಲಬುರಗಿಯ ಯಾವ ಆಸ್ಪತ್ರೆಯ ಬೆಂಚಿನಲ್ಲಿ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ: “ಏನೂ ನೆನಪ ಉಳಿವಲ್ದು ನೋಡ್ರಿ.” ಹೇಳುವವರ ಕೈಯಲ್ಲಿ ಶುಗರ್, ಬಿಪಿ ಇಲ್ಲವೇ ಥೈರಾಯ್ಡ್ ಫೈಲು ಇದ್ದೇ ಇರುತ್ತದೆ. ಒಳಗೆ ಹೋಗಿ ಅದೊಂದೇ ಮಾತು ಹೇಳುತ್ತಾರೆ, ಒಂದು ಟಾನಿಕ್ ಬರೆಸಿಕೊಂಡು ಬರುತ್ತಾರೆ. ಅಷ್ಟರಲ್ಲಿ ಡಾಕ್ಟರಿಗಾದರೂ ಏನು ತಿಳಿಯಬೇಕು? ಹಳೇ ಕಾಯಿಲೆ ಇದ್ದವರಿಗೆ ಮರೆವು ಬರಲು ಹತ್ತು ದಾರಿ. ನಿಮ್ಮದು ಯಾವುದು ಅಂತ ಹಿಡಿಯಲು ಎರಡು ವಾರದ ಲೆಕ್ಕ ಬೇಕು.

1. ಒಂದು ನೋಟ್‌ಬುಕ್ ತನ್ನಿ. ಮೊಬೈಲಿನಲ್ಲಿ ಬೇಡ, ಎಲ್ಲಿ ಬರೆದೆ ಅನ್ನುವುದೇ ಮರೆತುಹೋಗುತ್ತದೆ.

2. ಮೊದಲ ಪುಟದಲ್ಲಿ ನುಂಗುವ ಎಲ್ಲಾ ಗುಳಿಗೆಗಳ ಹೆಸರು ಬರೆಯಿರಿ. ನೆಗಡಿಗೆ, ನಿದ್ದೆಗೆ ಅಂತ ಮೆಡಿಕಲ್‌ನಲ್ಲಿ ಸುಮ್ನೆ ಕೇಳಿ ತಂದವೂ ಬರಲಿ. ಕ್ಲೋರ್‌ಫೆನಿರಮೈನ್ ಇರುವ ನೆಗಡಿ ಗುಳಿಗೆ ವಯಸ್ಸಾದವರ ತಲೆಗೆ ಮಂಕು ಕವಿಸುತ್ತದೆ. ಶುಗರ್‌ಗೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ನುಂಗಿದವರಲ್ಲಿ ವಿಟಮಿನ್ ಬಿ12 ಇಳಿಯಬಹುದು, ಅದೂ ಮರೆವಿನ ಒಂದು ದಾರಿ. ಹಾಗಂತ ನೀವೇ ಗುಳಿಗೆ ಬಿಡಬೇಡಿ.

3. ಎಲ್ಲರೂ ಎಡವುವುದು ಇಲ್ಲೇ. “ಇವತ್ತು ಜಾಸ್ತಿ ಮರೆತೆ” ಅಂತ ಬರೆದರೆ ಏನೂ ಬರೆಯದ ಹಾಗೆ. ಏನು ಮರೆತಿರಿ, ಎಷ್ಟು ಗಂಟೆಗೆ? ಊಟ, ಗುಳಿಗೆ ಆಗಿದ್ದು ಯಾವಾಗ? ರಾತ್ರಿ ಎಷ್ಟು ಸಲ ಎದ್ದಿರಿ? ನೋವಿತ್ತಾ, ಮನಸ್ಸು ಹೇಗಿತ್ತು? ಆಮೇಲೆ ನೆನಪಾಯಿತಾ? ಈ ಕೊನೆಯದನ್ನು ಬಿಡಲೇಬೇಡಿ. ಬೀಗರ ಹೆಸರು ಬೆಳಿಗ್ಗೆ ಮರೆತು ಸಂಜೆ ಹೊಳೆದರೆ ಅದು ಒಂದು ಥರ. ಅವರ ಮನೆ ಮದುವೆಗೆ ಹೋಗಿ ಬಂದದ್ದೇ ನೆನಪಿಲ್ಲದಿದ್ದರೆ ಅದು ಬೇರೆಯೇ.

ನಮ್ಮ ದೊಡ್ಡವ್ವನಿಗೆ ಹೀಗೆ ಬರೆಸಿದೆ. “ನಂಗೇನು ಪರೀಕ್ಷಾ ಐತೇನು?” ಅಂತ ಗೊಣಗಿದಳು, ಆದರೂ ಬರೆದಳು. ಒಲೆ ಮೇಲೆ ಹಾಲು ಮರೆತದ್ದು 11.40ಕ್ಕೆ. ಕೀಲಿ ಮರೆತದ್ದು 11.30ಕ್ಕೆ. ಹಿಟ್ಟಿಗೆ ಎರಡು ಸಲ ಉಪ್ಪು ಹಾಕಿದ್ದು 12 ಗಂಟೆಗೆ. ಬೆಳಿಗ್ಗೆ ಎಂಟಕ್ಕೆ ಶುಗರ್ ಇಳಿಸುವ ಗ್ಲಿಮೆಪಿರೈಡ್ ಗುಳಿಗೆ ನುಂಗಿ, ಮನೆಮಂದಿಗೆಲ್ಲ ರೊಟ್ಟಿ ಬಡಿದು, ತಾನು ಉಣ್ಣುವಾಗ ಒಂದಾಗುತ್ತಿತ್ತು. ಒಂದು ದಿನ ಮರೆವು ಬರುವ ಆ ಹೊತ್ತಿಗೇ ಮನೆಯ ಮಷೀನಿನಲ್ಲಿ ನೋಡಿದರೆ ಶುಗರ್ 62. ಎಪ್ಪತ್ತರ ಕೆಳಗೆ ಬಂದರೆ ಮಿದುಳಿಗೆ ಸಕ್ಕರೆ ಸಾಲದೆ ತಲೆ ಗೊಂದಲವಾಗಬಹುದು. ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿದೆವು. ಡಾಕ್ಟರು ಪುಸ್ತಕ ನೋಡಿ ಗುಳಿಗೆಯ ಪ್ರಮಾಣ, ಊಟದ ಹೊತ್ತು ಎರಡನ್ನೂ ಬದಲಿಸಿದರು. ಟಾನಿಕ್ ಬಾಟಲಿ ಇನ್ನೂ ಕಪಾಟಿನಲ್ಲಿದೆ, ಅರ್ಧ. ಅದಕ್ಕೆ ಕೊಟ್ಟ ದುಡ್ಡಿಗೆ ಶುಗರ್ ನೋಡುವ ಮಷೀನಿನ ಪಟ್ಟಿಗಳು ಬರುತ್ತಿದ್ದವು.

4. ಮನೆಯವರು ಬೇರೆ ಪುಟದಲ್ಲಿ ಬರೆಯಲಿ, ರೋಗಿಯದನ್ನು ನೋಡದೆ. ತಾವೇ ಮರೆವು ಅಂತ ಗೋಳಾಡುವವರು ನೆನಪಿನ ಪರೀಕ್ಷೆಯಲ್ಲಿ ಚೆನ್ನಾಗೇ ಮಾಡುವುದುಂಟು. ಅಂಥವರಲ್ಲಿ ಎಷ್ಟೋ ಸಲ ಮೊಣಕಾಲು ನೋವು, ಕೆಟ್ಟ ನಿದ್ದೆ, ಬೇಸರ ಸೇರಿ ಗಮನವನ್ನೇ ತಿಂದಿರುತ್ತವೆ. ಕೇಳುವಾಗಲೇ ತಲೆಗೆ ಹೋಗದ ಮಾತು ಆಮೇಲೆ ಎಲ್ಲಿಂದ ನೆನಪಾಗಬೇಕು, ಅಲ್ವಾ? ಆದರೆ ರೋಗಿ “ನಂಗೇನೂ ಆಗಿಲ್ಲ” ಅಂದು, ಮನೆಯವರ ಪುಟ ತುಂಬಿದ್ದರೆ ತಡ ಮಾಡಬೇಡಿ.

5. ಬೇಸಿಗೆಯಲ್ಲಿ ಕುಡಿದ ನೀರಿನ ಲೆಕ್ಕವನ್ನೂ ಇಡಿ. 42 ಡಿಗ್ರಿ ದಾಟುವ ನಮ್ಮೂರಲ್ಲಿ, ಬಿಪಿಗೆ ಮೂತ್ರ ಜಾಸ್ತಿ ಹೋಗಿಸುವ ಗುಳಿಗೆ ನುಂಗುವವರಿಗೆ ರಕ್ತದಲ್ಲಿನ ಸೋಡಿಯಂ, ಅಂದರೆ ಉಪ್ಪಿನಂಶ, ಇಳಿದು ತಲೆ ಮಂಕಾಗುವುದುಂಟು.

ಇದ್ದಕ್ಕಿದ್ದಂತೆ ಗೊಂದಲ, ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು ಕಂಡರೆ ಪುಸ್ತಕ ಬದಿಗಿಟ್ಟು 108ಕ್ಕೆ ಫೋನ್ ಮಾಡಿ.

6. ಡಾಕ್ಟರ ಮುಂದೆ ಇಡೀ ಪುಸ್ತಕ ಓದಬೇಡಿ. ಮತ್ತೆ ಮತ್ತೆ ಬಂದ ಮೂರು ಸಾಲಿಗೆ ಕೆಂಪು ಗೆರೆ ಎಳೆದು ತೋರಿಸಿ. ಬಿ12, ಥೈರಾಯ್ಡ್, ಸೋಡಿಯಂ ಪರೀಕ್ಷೆ ಬೇಕಾ ಅಂತ ನೀವೇ ಕೇಳಿ. ಗುಳಿಗೆಗಳ ಖಾಲಿ ಸ್ಟ್ರಿಪ್‌ಗಳೂ ಚೀಲದಲ್ಲಿರಲಿ. “ಆ ಬಿಳಿ ಗುಳಿಗಿ ರೀ” ಅಂದರೆ ಯಾರಿಗೂ ತಿಳಿಯುವುದಿಲ್ಲ.