ಅಮಂತಾನಿ ದ್ವೀಪದ ಮನೆಯಲ್ಲಿ ಹುಟ್ಟುಹಬ್ಬದ ಕೇಸರಿಬಾತ್

ಟಿಟಿಕಾಕಾ ಸರೋವರ ಇರುವುದು ಸಮುದ್ರಮಟ್ಟದಿಂದ 3,812 ಮೀಟರ್ ಎತ್ತರದಲ್ಲಿ. ನಮ್ಮ ಬೆಂಗಳೂರು ಸುಮಾರು 920 ಮೀಟರ್. ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ ಹತ್ತಿದರೂ 1,930ಕ್ಕೆ ಮುಗಿಯಿತು. ಪೆರು ದೇಶದ ಪುನೊ ಊರಿನಿಂದ ಮೂರು ಗಂಟೆ ದೋಣಿಯಲ್ಲಿ ಸಾಗಿ ಅಮಂತಾನಿ ದ್ವೀಪದಲ್ಲಿ ಇಳಿದಾಗ, ದಡದಿಂದ ಮನೆವರೆಗಿನ ಏರುದಾರಿಯಲ್ಲೇ ಈ ವ್ಯತ್ಯಾಸ ಎದೆಗೆ ತಿಳಿಯುತ್ತದೆ. ರಾತ್ರಿ ಉಸಿರಾಟಕ್ಕೆ ತೊಂದರೆಯಾದರೆ ಕೆಳಗೆ ಇಳಿಯೋಣವೆಂದರೆ ಇಳಿಯಲು ಜಾಗವೇ ಇಲ್ಲ, ಸರೋವರದ ಸುತ್ತಲಿನ ಬಯಲೆಲ್ಲ ಅಷ್ಟೇ ಎತ್ತರ. ಹಾಗಾಗಿ ಹುಟ್ಟುಹಬ್ಬವನ್ನು ಆ ದ್ವೀಪದಲ್ಲಿ ಕಳೆಯುವುದೆಂದು ನಿಶ್ಚಯಿಸಿದ ಮೇಲೆ ನಾನು ಮೊದಲು ಮಾಡಿದ ಕೆಲಸ, ಆ ತಾರೀಖಿನಿಂದ ಹಿಂದಕ್ಕೆ ದಿನ ಎಣಿಸಿದ್ದು.

ಲೆಕ್ಕ ಹೀಗಿತ್ತು. ದ್ವೀಪದಲ್ಲಿ ಎರಡು ರಾತ್ರಿ, ಹುಟ್ಟುಹಬ್ಬ ಎರಡನೆಯ ದಿನ. ಅದಕ್ಕೂ ಮೊದಲು ಪುನೊದಲ್ಲಿ ಎರಡು ರಾತ್ರಿ, ಅದಕ್ಕೂ ಮೊದಲು 2,335 ಮೀಟರ್ ಎತ್ತರದ ಅರೆಕಿಪಾ ನಗರದಲ್ಲಿ ಮೂರು ರಾತ್ರಿ, ಸಮುದ್ರದ ದಡದ ರಾಜಧಾನಿ ಲಿಮಾದಲ್ಲಿ ಒಂದು. ಅಂದರೆ ಹುಟ್ಟುಹಬ್ಬಕ್ಕೆ ಒಂದು ವಾರ ಮುಂಚೆ ಲಿಮಾ ತಲುಪಿರಬೇಕು. ಲಿಮಾದಿಂದ ಪುನೊ ಬಳಿಯ ಹುಲಿಯಾಕಾಗೆ ವಿಮಾನವಿದೆ. ಸಮುದ್ರದ ದಡದಲ್ಲಿ ತಿಂಡಿ ತಿಂದವರು ಮಧ್ಯಾಹ್ನದೊಳಗೆ 3,800 ಮೀಟರ್‌ನಲ್ಲಿ ಇಳಿದು, ಮರುದಿನ ಬೆಳಿಗ್ಗೆಯೇ ದೋಣಿ ಹತ್ತುತ್ತಾರೆ. ದ್ವೀಪದಲ್ಲಿ ತಲೆ ಹಿಡಿದುಕೊಂಡು ಮಲಗುವವರು ಹೆಚ್ಚಾಗಿ ಇವರೇ. ಅರೆಕಿಪಾದಿಂದ ಪುನೊಗೆ ಬಸ್ಸಿನಲ್ಲಿ ಸುಮಾರು ಆರು ಗಂಟೆ. ದಾರಿ 4,400 ಮೀಟರ್ ದಾಟಿ ಮತ್ತೆ ಇಳಿಯುತ್ತದೆ, ಅಲ್ಲಿ ತಲೆ ಸ್ವಲ್ಪ ಭಾರವಾಗುವುದು ಸಹಜ. ಮಲಗುವ ಎತ್ತರವೇ ಮುಖ್ಯ. 3,000 ಮೀಟರ್ ದಾಟಿದ ಮೇಲೆ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿ ಮಲಗಬಾರದೆಂಬುದು ಸಾಮಾನ್ಯ ನಿಯಮ. ಅರೆಕಿಪಾ–ಪುನೊ ನಡುವೆ ಈ ನಿಯಮ ಪಾಲಿಸಲು ಆಗುವುದಿಲ್ಲ. ಆ ಕೊರತೆಯನ್ನು ಪುನೊದಲ್ಲಿ ಸುಮ್ಮನೆ ಕೂರುವ ಎರಡು ದಿನಗಳಿಂದ ತುಂಬಿಕೊಳ್ಳಬೇಕು.

ಎತ್ತರದ ಜಾಗದ ತಲೆನೋವು, ಏದುಸಿರು ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆಯನ್ನು ಬೆಂಗಳೂರಿನಲ್ಲೇ ವೈದ್ಯರಿಗೆ ತೋರಿಸಿ ಬರೆಸಿಕೊಂಡೆ. 125 ಮಿಲಿಗ್ರಾಂ, ಹನ್ನೆರಡು ಗಂಟೆಗೊಮ್ಮೆ, ಪುನೊಗೆ ಹೊರಡುವ ಹಿಂದಿನ ದಿನದಿಂದ ಶುರು. ಸಲ್ಫಾ ಔಷಧಿ ಆಗದವರು ಇದನ್ನು ವೈದ್ಯರ ಮುಂದೆ ಹೇಳಲೇಬೇಕು. ಮಾತ್ರೆಯಿಂದ ಬೆರಳ ತುದಿ ಜುಮ್ಮೆನ್ನುತ್ತದೆ, ಸೋಡಾ ಸಪ್ಪೆ ಅನ್ನಿಸುತ್ತದೆ, ಮೂತ್ರಕ್ಕೆ ಪದೇ ಪದೇ ಹೋಗಬೇಕಾಗುತ್ತದೆ. ಕೊನೆಯದನ್ನು ಮೊದಲೇ ತಿಳಿದಿರುವುದು ಒಳ್ಳೆಯದು, ಏಕೆಂದರೆ ದ್ವೀಪದ ಮನೆಗಳಲ್ಲಿ ಶೌಚಾಲಯ ಸಾಮಾನ್ಯವಾಗಿ ಅಂಗಳದಾಚೆ ಇರುತ್ತದೆ. ಎರಡನೆಯ ಮಾತ್ರೆಯನ್ನು ಮಲಗುವ ಹೊತ್ತಿಗೆ ಬಿಡದೆ ಸಂಜೆ ಐದಕ್ಕೇ ತೆಗೆದುಕೊಂಡರೆ ಚಳಿಯಲ್ಲಿ ಎದ್ದು ಓಡಾಡುವುದು ಕಡಿಮೆಯಾಗುತ್ತದೆ. ಬರೀ ತಲೆನೋವಾದರೆ ವಿಶ್ರಾಂತಿ ಸಾಕು. ವಾಂತಿ ನಿಲ್ಲದಿದ್ದರೆ, ನಡೆಯುವಾಗ ತೂರಾಡಿದರೆ ಅಥವಾ ಕೂತಲ್ಲೇ ಏದುಸಿರು ಬಂದರೆ ಪುನೊದಲ್ಲೇ ನಿಂತು ವೈದ್ಯರ ಬಳಿ ಹೋಗಬೇಕು, ದೋಣಿ ಹತ್ತಬಾರದು. ಹುಟ್ಟುಹಬ್ಬವನ್ನು ಮುಂದೂಡಬಹುದು, ಇದನ್ನು ಮುಂದೂಡಲಾಗದು.

ಇನ್ನು ಮನೆ. ಅಮಂತಾನಿಯಲ್ಲಿ ಕಾರಿಲ್ಲ, ಎಟಿಎಂ ಇಲ್ಲ. ಕೆಚುವಾ ಮಾತಾಡುವ ರೈತ ಕುಟುಂಬಗಳು ಹತ್ತು ಸಮುದಾಯಗಳಾಗಿ ಬದುಕುತ್ತಿವೆ. ಅತಿಥಿಗಳನ್ನು ಸರದಿಯ ಪ್ರಕಾರ ಮನೆಮನೆಗೆ ಹಂಚುವ ರೂಢಿ ಇದೆ. ಪುನೊದ ಏಜೆನ್ಸಿಗಳು ಮಾರುವ ಎರಡು ದಿನದ ಪ್ಯಾಕೇಜಿನಲ್ಲಿ ಉರೊಸ್‌ನ ತೇಲುವ ಜೊಂಡಿನ ದ್ವೀಪಗಳು, ಅಮಂತಾನಿಯಲ್ಲಿ ಒಂದು ರಾತ್ರಿ, ಮರುದಿನ ತಕೀಲೆ ದ್ವೀಪ, ಮೂರೂ ಸೇರಿರುತ್ತವೆ. ಮಧ್ಯಾಹ್ನ ಬಂದು ಬೆಳಿಗ್ಗೆ ಏಳೆಂಟಕ್ಕೆ ಹೊರಡಬೇಕು, ಇದರಲ್ಲಿ ಹುಟ್ಟುಹಬ್ಬಕ್ಕೆ ಬಿಡುವೆಲ್ಲಿ? ನಾನು ಹಿಂದಿನ ದಿನವೇ ಪುನೊ ಬಂದರಿಗೆ ನಡೆದು ಹೋಗಿ, ದ್ವೀಪದವರೇ ನಡೆಸುವ ದೋಣಿಯನ್ನು ವಿಚಾರಿಸಿ ಹೋಗಿಬರುವ ಟಿಕೆಟ್ ಕೊಂಡೆ. ದೋಣಿ ಬೆಳಿಗ್ಗೆ ಎಂಟರ ಸುಮಾರಿಗೆ ಬಿಡುತ್ತದೆ. ಎರಡು ರಾತ್ರಿ ಉಳಿಯುವವರು ಮರಳುವ ದಿನವನ್ನು ಟಿಕೆಟ್ ಮೇಲೆ ಬರೆಸಿಕೊಳ್ಳಬೇಕು. ಉಳಿದ ದುಡ್ಡನ್ನು, ಮೂರು ಹೊತ್ತಿನ ಊಟವೂ ಸೇರಿ, ಮನೆಯಾಕೆಯ ಕೈಗೇ ಕೊಡಬೇಕು. ಹತ್ತು, ಇಪ್ಪತ್ತು ಸೋಲ್‌ನ ನೋಟುಗಳಾಗಿ ಒಯ್ಯಿರಿ, ದೊಡ್ಡ ನೋಟಿಗೆ ಅಲ್ಲಿ ಚಿಲ್ಲರೆ ಸಿಗುವುದು ಕಷ್ಟ. ಏಜೆನ್ಸಿಯ ಮೂಲಕ ಹೋದರೆ ಈ ದುಡ್ಡಿನಲ್ಲಿ ಮನೆಗೆ ತಲುಪುವ ಪಾಲು ಸಣ್ಣದು. ನೇರವಾಗಿ ಹೋಗುವುದೇ ಸರಿ ಎಂದು ನಾನು ಗಟ್ಟಿಯಾಗಿ ಹೇಳುವುದು ಈ ಕಾರಣಕ್ಕೆ.

ಮನೆಗೆ ಬರಿಗೈಯಲ್ಲಿ ಹೋಗುವುದು ನಮ್ಮಲ್ಲೂ ಇಲ್ಲ, ಅಲ್ಲೂ ಇಲ್ಲ. ಅಲ್ಲಿ ಬೆಳೆಯುವುದು ಆಲೂಗಡ್ಡೆ, ಓಕಾ ಎಂಬ ಗೆಡ್ಡೆ, ಕಿನುವಾ, ಬಾರ್ಲಿ, ದೊಡ್ಡ ಅವರೆಯಂಥ ಆಬಾಸ್ ಕಾಳು. ಬೆಳೆಯದಿರುವುದು ಅಕ್ಕಿ, ಸಕ್ಕರೆ, ಎಣ್ಣೆ, ಹಣ್ಣು. ಹೀಗಾಗಿ ಪುನೊದ ಮಾರುಕಟ್ಟೆಯಲ್ಲಿ ಎರಡು ಕಿಲೊ ಅಕ್ಕಿ, ಒಂದು ಕಿಲೊ ಸಕ್ಕರೆ, ಒಂದು ಲೀಟರ್ ಎಣ್ಣೆ, ಎರಡು ಕಿಲೊ ಕಿತ್ತಳೆ ಮತ್ತು ಬಾಳೆಹಣ್ಣು ಕೊಂಡೆ. ಮಕ್ಕಳಿಗೆ ಚಾಕೊಲೇಟ್ ಹಂಚುವುದನ್ನು ಬಿಟ್ಟು, ಬೆಂಗಳೂರಿನಿಂದ ಚನ್ನಪಟ್ಟಣದ ನಾಲ್ಕು ಬುಗುರಿ ಒಯ್ದಿದ್ದೆ. ಹಗುರ, ಒಡೆಯುವುದಿಲ್ಲ, ಆಡುವುದು ಹೇಗೆಂದು ಹೇಳಿಕೊಡಲು ಭಾಷೆ ಬೇಕಿಲ್ಲ.

ಸಸ್ಯಾಹಾರಿಗಳಿಗೆ ದ್ವೀಪದ ಅಡುಗೆ ಹೊಂದುತ್ತದೆ. ಕಿನುವಾ ಸೂಪು, ಬೇಯಿಸಿದ ಆಲೂಗಡ್ಡೆ ಮತ್ತು ಓಕಾ, ಎಣ್ಣೆಯಲ್ಲಿ ಕರಿದ ಚೀಸ್, ಮೇಲೆ ಮುನ್ಯಾ ಎಂಬ ಪುದೀನ ಜಾತಿಯ ಸೊಪ್ಪಿನ ಕಷಾಯ. ಎಡವಟ್ಟಾಗುವುದು ಸೂಪಿನಲ್ಲಿ, ಅದಕ್ಕೆ ಕೋಳಿಯ ಸಾರಿನ ಬಿಲ್ಲೆ ಹಾಕುವುದುಂಟು. “ಸೊಯ್ ವೆಹೆತಾರಿಯಾನೊ” ಎಂದಷ್ಟೇ ಹೇಳಿದರೆ ಸಾಲದು. “ನೋ ಕೋಮೊ ಕಾರ್ನೆ, ನಿ ಪೊಯ್ಯೊ, ನಿ ಪೆಸ್ಕಾದೊ” ಎಂದು ಮಾಂಸ, ಕೋಳಿ, ಮೀನು ಮೂರನ್ನೂ ಬಿಡಿಸಿ ಹೇಳಬೇಕು. ಹೇಳುವುದನ್ನು ಮನೆ ಹೊಕ್ಕ ಕೂಡಲೇ ಹೇಳಿ, ತಟ್ಟೆ ಮುಂದೆ ಬಂದ ಮೇಲಲ್ಲ.

ಈಗ ಹುಟ್ಟುಹಬ್ಬದ ಸಿಹಿ. ಪುನೊದಿಂದ ಕೇಕ್ ಒಯ್ಯುವ ಯೋಚನೆಯನ್ನು ಬಿಟ್ಟೆ. ಮೂರು ಗಂಟೆಯ ಅಲೆಗಳಲ್ಲಿ ಕ್ರೀಮು ಉಳಿಯುವುದಿಲ್ಲ, ರಟ್ಟಿನ ಡಬ್ಬ ಮತ್ತು ಪ್ಲಾಸ್ಟಿಕ್ ದ್ವೀಪದಲ್ಲೇ ಕಸವಾಗುತ್ತವೆ. ಅವರ ಅಡುಗೆಮನೆಯಲ್ಲೇ ಏನಾದರೂ ಮಾಡುವುದಾದರೆ ಒಂದು ವಿಷಯ ನೆನಪಿರಬೇಕು. ಆ ಎತ್ತರದಲ್ಲಿ ನೀರು ಸುಮಾರು 87 ಡಿಗ್ರಿಗೇ ಕುದಿಯುತ್ತದೆ. ಎಷ್ಟು ಉರಿ ಹಾಕಿದರೂ ಅದಕ್ಕಿಂತ ಬಿಸಿಯಾಗುವುದಿಲ್ಲ, ಆವಿಯಾಗುತ್ತದೆ ಅಷ್ಟೆ. ಕುಕ್ಕರ್ ಇಲ್ಲದೆ ತೊಗರಿಬೇಳೆ, ಕಡಲೆಬೇಳೆ ಗಂಟೆಗಟ್ಟಲೆ ಬೇಯಿಸಿದರೂ ಮೆತ್ತಗಾಗುವುದಿಲ್ಲ. ಹಾಗಾಗಿ ಹೋಳಿಗೆ, ಕಡಲೆಬೇಳೆ ಪಾಯಸ, ಬಿಸಿಬೇಳೆಬಾತ್ ಎಲ್ಲವನ್ನೂ ಪಟ್ಟಿಯಿಂದ ತೆಗೆಯಬೇಕು. ಹುರಿದ ರವೆಯ ಕಾಳು ಸಣ್ಣದು, 87 ಡಿಗ್ರಿಯಲ್ಲೂ ಅರಳುತ್ತದೆ. ಹೀಗೆ ಕೇಸರಿಬಾತ್‌ಗೆ ಬಂದು ನಿಂತೆ.

ರವೆ ಪೆರುವಿನಲ್ಲಿ ಸೆಮೊಲಾ ಎಂಬ ಹೆಸರಿನಲ್ಲಿ ಸಿಗುತ್ತದೆ. ಸೂಪಿಗೆ ಬಳಸುವುದಾದ್ದರಿಂದ ನಮ್ಮ ಚಿರೋಟಿ ರವೆಯ ಹಾಗೆ ಸಣ್ಣಗಿರುತ್ತದೆ. ಎಂಟು ಜನಕ್ಕೆ 300 ಗ್ರಾಂ ರವೆ, ಅರ್ಧ ಕಿಲೊ ಸಕ್ಕರೆ, 250 ಗ್ರಾಂ ಬೆಣ್ಣೆ. ಬೆಣ್ಣೆ ಕೊಳ್ಳುವಾಗ ಪೊಟ್ಟಣದ ಮೇಲೆ “ಸಿನ್ ಸಾಲ್”, ಅಂದರೆ ಉಪ್ಪಿಲ್ಲದ್ದು, ಎಂದು ಇರುವುದನ್ನೇ ನೋಡಿ ತೆಗೆದುಕೊಳ್ಳಿ. ಕಾಯಿಸಿದರೆ ಸುಮಾರು 200 ಗ್ರಾಂ ತುಪ್ಪ ಬರುತ್ತದೆ. ಗೋಡಂಬಿಯ ಬದಲು ಅಲ್ಲಿ ಕಾಸ್ತಾನ್ಯ ಎಂದು ಕರೆಯುವ ಬ್ರೆಜಿಲ್ ನಟ್ ಕತ್ತರಿಸಿ ಹಾಕಿದೆ. ದ್ರಾಕ್ಷಿ ಅಲ್ಲೇ ಸಿಗುತ್ತದೆ. ಬೆಂಗಳೂರಿನಿಂದ ಒಯ್ದದ್ದು ಏಲಕ್ಕಿ ಮತ್ತು ಕೇಸರಿ ಮಾತ್ರ, ಎರಡೂ ಕಂಪನಿಯ ಸೀಲ್ ಒಡೆಯದ ಸಣ್ಣ ಪೊಟ್ಟಣ. ಲಿಮಾದ ಕಸ್ಟಮ್ಸ್‌ನಲ್ಲಿ ಇವನ್ನು ತೋರಿಸಿ ಹೇಳಿಬಿಡಬೇಕು. ಮನೆಯ ತುಪ್ಪ, ಬಿಡಿ ಮಸಾಲೆ ಒಯ್ಯಲೇಬೇಡಿ.

ಒಲೆ ಮಣ್ಣಿನದು, ಸೌದೆ ದ್ವೀಪದಲ್ಲಿ ಬಲು ಕಡಿಮೆ. ಒಂದಷ್ಟು ನೀಲಗಿರಿ ಮರ ಬಿಟ್ಟರೆ ಎಲ್ಲವೂ ಹೊಲವೇ. ಅತಿಥಿಯ ಆಸೆಗಾಗಿ ಹೊಸದಾಗಿ ಒಲೆ ಹಚ್ಚಿಸುವುದು ಸರಿಯಲ್ಲ. ಮಧ್ಯಾಹ್ನದ ಅಡುಗೆ ಮುಗಿದು ಕೆಂಡ ಇನ್ನೂ ನಿಗಿನಿಗಿ ಇರುವಾಗ ಮನೆಯಾಕೆಯನ್ನು ಕೇಳಿ ಶುರು ಮಾಡಿದೆ. ಮೊದಲು ಬೆಣ್ಣೆ ಕಾಯಿಸಿ, ಅದೇ ಪಾತ್ರೆಯಲ್ಲಿ ದ್ರಾಕ್ಷಿ, ಬೀಜ ಹುರಿದು ತೆಗೆದು, ಅರ್ಧ ತುಪ್ಪದಲ್ಲಿ ರವೆ ಹುರಿಯಬೇಕು. ಅಲ್ಲಿಯ ಅಲ್ಯೂಮಿನಿಯಂ ಪಾತ್ರೆಗಳ ತಳ ತೆಳು, ಕೆಂಡದ ಬಿಸಿ ಒಂದೇ ಕಡೆ ತಾಗುತ್ತದೆ, ಎರಡು ನಿಮಿಷ ಕೈ ನಿಲ್ಲಿಸಿದರೆ ರವೆ ಕಪ್ಪಾಗುತ್ತದೆ. ನೀರು ಇಲ್ಲಿ 300 ಗ್ರಾಂ ರವೆಗೆ ಒಂದು ಲೀಟರ್ ಸಾಕಾದರೆ ಅಲ್ಲಿ ಒಂದೂಕಾಲು ಬೇಕಾಯಿತು, ಬೇಯುವುದಕ್ಕೆ ಹೆಚ್ಚು ಹೊತ್ತು ಹಿಡಿಯುವುದರಿಂದ ಆವಿಯಾಗಿ ಹೋಗುವುದೂ ಹೆಚ್ಚು. ಸಣ್ಣ ರವೆಗೆ ನೀರು ಸುರಿದರೆ ಗಂಟಾಗುತ್ತದೆ, ಕುದಿಯುವ ನೀರಿಗೆ ರವೆಯನ್ನು ಉದುರಿಸುತ್ತ ತಿರುವಬೇಕು. ರವೆ ಪೂರ್ತಿ ಬೆಂದ ಮೇಲೆಯೇ ಸಕ್ಕರೆ. ಅವಸರದಲ್ಲಿ ಮೊದಲೇ ಹಾಕಿದರೆ ರವೆ ಅರಳುವುದು ನಿಲ್ಲುತ್ತದೆ, ಆ ಎತ್ತರದಲ್ಲಿ ಅದನ್ನು ಮತ್ತೆ ಸರಿಮಾಡಲು ಆಗುವುದಿಲ್ಲ. ಮುಚ್ಚಿ ಹತ್ತು ನಿಮಿಷ ಕೆಂಡದ ಪಕ್ಕದಲ್ಲಿಟ್ಟು, ಉಳಿದ ತುಪ್ಪ, ಬಿಸಿ ಹಾಲಿನಲ್ಲಿ ನೆನೆಸಿದ ಕೇಸರಿ, ಏಲಕ್ಕಿಪುಡಿ ಸೇರಿಸಿದರೆ ಮುಗಿಯಿತು.

ಬಡಿಸುವ ಮುನ್ನ ಒಂದು ಮಾತು. ಆಂಡಿಸ್ ಜನ ಕುಡಿಯುವುದಕ್ಕೂ ಮುಂಚೆ ಪಚಮಾಮಾಗೆ, ಅಂದರೆ ಭೂತಾಯಿಗೆ, ಒಂದು ಹನಿ ನೆಲಕ್ಕೆ ಬಿಡುತ್ತಾರೆ. ಎಳ್ಳಮಾವಾಸ್ಯೆಗೆ ಉತ್ತರ ಕರ್ನಾಟಕದ ಹೊಲಗಳಲ್ಲಿ ಚರಗ ಚೆಲ್ಲುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊದಲ ಚಮಚವನ್ನು ಅಂಗಳದ ಮಣ್ಣಿಗೆ ಇಡಬಹುದೇ ಎಂದು ಕೇಳಿ, ಎಲ್ಲಿ ಇಡಬೇಕೆಂಬುದನ್ನು ಮನೆಯವರಿಗೇ ಬಿಡಿ. ಮೇಣದಬತ್ತಿ ಊದಿ ಆರಿಸುವುದರ ಬದಲು ದೀಪ ಹಚ್ಚಿ ಉರಿಯಲು ಬಿಟ್ಟೆ. ಬಲೂನು ಬೇಡ, ಒಡೆದ ಚೂರು ಗಾಳಿಗೆ ಸಿಕ್ಕಿ ನೇರ ಸರೋವರಕ್ಕೆ ಹೋಗುತ್ತದೆ. ಮದ್ಯವನ್ನೂ ಮೊದಲ ದಿನಗಳಲ್ಲಿ ದೂರವಿಡಿ, ನಿದ್ದೆಯಲ್ಲಿ ಉಸಿರಾಟ ಇನ್ನಷ್ಟು ನಿಧಾನವಾಗುತ್ತದೆ.

ಫೋನಿನ ಲೆಕ್ಕ ಹಲವರಿಗೆ ತಪ್ಪುತ್ತದೆ. ಪೆರು ನಮಗಿಂತ ಹತ್ತೂವರೆ ಗಂಟೆ ಹಿಂದೆ. ದ್ವೀಪದಲ್ಲಿ ಹಿಂದಿನ ದಿನ ಮಧ್ಯಾಹ್ನ ಒಂದೂವರೆಗೇ ಬೆಂಗಳೂರಿನಲ್ಲಿ ನಿಮ್ಮ ಹುಟ್ಟುಹಬ್ಬ ಶುರುವಾಗಿರುತ್ತದೆ. ಮರುದಿನ ಒಂದೂವರೆಗೆ ಅಲ್ಲಿ ಮುಗಿದೂಹೋಗುತ್ತದೆ. ಸಂಜೆ ಮಾತಾಡೋಣ ಎಂದುಕೊಂಡರೆ ಅಮ್ಮ ಮರುದಿನ ನಸುಕಿಗೂ ಮುಂಚೆ ಎದ್ದಿರಬೇಕಾಗುತ್ತದೆ. ಬೆಂಗಳೂರಿನ ಸಂಜೆ ಆರು, ದ್ವೀಪದ ಬೆಳಿಗ್ಗೆ ಏಳೂವರೆ, ಇಬ್ಬರಿಗೂ ಅನುಕೂಲ. ಸಿಗ್ನಲ್ ಎಲ್ಲ ಮನೆಗಳಲ್ಲೂ ಸಿಗುವುದಿಲ್ಲ. ಹಾಗಾಗಿ ಬಂದ ದಿನವೇ ಎಲ್ಲಿ ಸಿಗುತ್ತದೆಂದು ನೋಡಿಟ್ಟುಕೊಳ್ಳಿ. ವಿದ್ಯುತ್ತು ಹೆಚ್ಚಿನ ಮನೆಗಳಲ್ಲಿ ಸೌರಫಲಕದ್ದು, ದೀಪಕ್ಕೆ ಸಾಕಾಗುವಷ್ಟು. ಪವರ್ ಬ್ಯಾಂಕನ್ನು ಪುನೊದಲ್ಲೇ ತುಂಬಿಸಿ. ನಮ್ಮ ಎರಡು ಪಿನ್ನಿನ ಚಾರ್ಜರ್ ಅಲ್ಲಿಯ ದುಂಡು ರಂಧ್ರದ ಸಾಕೆಟ್‌ಗೆ ಕೂರುತ್ತದೆ.

ಸಂಜೆ ಪಚತಾತಾ ಗುಡ್ಡ ಹತ್ತುವುದಾದರೆ ನಾಲ್ಕಕ್ಕೇ ಹೊರಡಿ. ತುದಿ ಸುಮಾರು 4,100 ಮೀಟರ್, ಮಾತಾಡಿಕೊಂಡು ನಡೆಯಲು ಆಗುವಷ್ಟು ನಿಧಾನವೇ ಸರಿಯಾದ ವೇಗ. ಮೇಲಿನ ಗುಡಿ ಜನವರಿಯ ಜಾತ್ರೆಗೆ ಮಾತ್ರ ತೆರೆಯುತ್ತದೆ, ಉಳಿದ ದಿನ ಹೊರಗಿನಿಂದಲೇ ನೋಡಬೇಕು. ಸೂರ್ಯ ಮುಳುಗಿದ ಕೂಡಲೇ ತಾಪಮಾನ ಇಳಿಯುತ್ತದೆ, ಜೂನ್‌ನಿಂದ ಆಗಸ್ಟ್‌ವರೆಗಂತೂ ಸೊನ್ನೆಯ ಹತ್ತಿರಕ್ಕೆ. ಹಣೆಗೆ ಕಟ್ಟುವ ಟಾರ್ಚು, ಉಣ್ಣೆಯ ಟೊಪ್ಪಿ, ಬಿಸಿನೀರು ತುಂಬುವ ಗಟ್ಟಿ ಬಾಟಲಿ ಜೊತೆಗಿರಲಿ. ಮನೆಯ ಬಾಗಿಲುಗಳು ಗಿಡ್ಡ, ಕತ್ತಲಲ್ಲಿ ಹಣೆ ಬಡಿಯುತ್ತದೆ.

ವಾಪಸು ಬರುವ ದಿನ ದೋಣಿ ಬೆಳಿಗ್ಗೆಯೇ ಬಿಡುತ್ತದೆ, ಅದಕ್ಕೆ ಕಾರಣವಿದೆ. ಮಧ್ಯಾಹ್ನದ ನಂತರ ಸರೋವರದಲ್ಲಿ ಗಾಳಿ ಏಳುತ್ತದೆ. ಗಾಳಿ ಜೋರಾದರೆ ಬಂದರನ್ನೇ ಮುಚ್ಚುತ್ತಾರೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಮಳೆಗಾಲದಲ್ಲಿ ಇದು ಇನ್ನೂ ಹೆಚ್ಚು. ದ್ವೀಪದಿಂದ ಮರಳುವ ದಿನಕ್ಕೂ ವಿಮಾನದ ದಿನಕ್ಕೂ ನಡುವೆ ಒಂದು ದಿನ ಖಾಲಿ ಬಿಡಲೇಬೇಕು.

ವಿಮಾನ ಹತ್ತುವ ಮುನ್ನ ಚೀಲದ ಎಲ್ಲ ಜೇಬು ತಡಕಿ. ಪೆರುವಿನಲ್ಲಿ ಕೋಕಾ ಎಲೆ ಕಾನೂನುಬದ್ಧ, ತಲೆನೋವಿಗೆಂದು ಮನೆಯವರೇ ಹಿಡಿಯಷ್ಟು ಕೊಟ್ಟಿರುತ್ತಾರೆ. ಭಾರತದಲ್ಲಿ ಅದು 1985ರ ಮಾದಕವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಚಹಾದ ಪೊಟ್ಟಣವೂ ಅಷ್ಟೇ. ಇನ್ನೊಂದು, ಹಳದಿ ಜ್ವರದ ಲಸಿಕೆಯ ಕಾರ್ಡು. ಪೆರು ಆ ರೋಗವಿರುವ ದೇಶಗಳ ಪಟ್ಟಿಯಲ್ಲಿದೆ. ಅಲ್ಲಿಂದ ಹೊರಟು ಆರು ದಿನದೊಳಗೆ ಭಾರತಕ್ಕೆ ಬಂದವರ ಬಳಿ ಕಾರ್ಡಿಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆಯನ್ನು ಸರ್ಕಾರದ ಮಾನ್ಯತೆ ಪಡೆದ ಕೇಂದ್ರದಲ್ಲೇ ಹಾಕಿಸಬೇಕು, ಹಾಕಿಸಿದ ಹತ್ತು ದಿನದ ಮೇಲೆ ಕಾರ್ಡು ಊರ್ಜಿತವಾಗುತ್ತದೆ. ಹೊರಡುವ ತಿಂಗಳ ಮೊದಲೇ ಈ ಕೆಲಸ ಮುಗಿಸಿ. ಆ ಕಾರ್ಡನ್ನು ಸೂಟ್‌ಕೇಸಿಗೆ ಹಾಕದೆ ಪಾಸ್‌ಪೋರ್ಟಿನ ಒಳಗೇ ಇಟ್ಟುಕೊಳ್ಳಿ. ದೇವನಹಳ್ಳಿಯಲ್ಲಿ ಇಳಿದಾಗ ಅದನ್ನು ಕೇಳುವುದು ಲಗೇಜು ಕೈಗೆ ಸಿಗುವುದಕ್ಕೂ ಮೊದಲು.